‘ನಿಧಿ ನಿಕ್ಷೇಪ’ ಎಂಬ ಎರಡು ಪದ: ಒಂದು ಕಡತದ ಪ್ರಕರಣ

ಹಿನ್ನೆಲೆ

ಶಿವಮೊಗ್ಗ ಜಿಲ್ಲೆಯಲ್ಲಿ, ಮಲೆನಾಡು ಮುಗಿದು ಬಯಲು ತೊಡಗುವ ಕಡೆಯ ಒಂದು ಸಣ್ಣ ಪಟ್ಟಣದಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿಯಿದು. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರಿನ ಹೆಸರು, ಮನೆತನದ ಹೆಸರು ಎರಡನ್ನೂ ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಹಳೆಯ ಮನೆ ಬಿಚ್ಚುವಾಗ ಅಟ್ಟದ ಮೇಲೆ ಓದಲಾಗದ ಕಾಗದವೊಂದು ಸಿಕ್ಕರೆ ಮುಂದೇನು ಎಂದು ನನ್ನನ್ನು ಕೇಳುವವರು ಹೆಚ್ಚುತ್ತಿದ್ದಾರೆ. ಅವರಿಗೆ ಉಪಯೋಗವಾಗಲೆಂದು ನನ್ನಿಂದಾದ ತಪ್ಪನ್ನೂ ಸೇರಿಸಿ ಇಡೀ ಪ್ರಕರಣವನ್ನು ದಾಖಲಿಸುತ್ತಿದ್ದೇನೆ.

ಮನೆ ದೊಡ್ಡದು, ತೊಟ್ಟಿಮನೆ. ಮೂವರು ಅಣ್ಣತಮ್ಮಂದಿರಲ್ಲಿ ಪಾಲಾಗಿತ್ತು. ಪಡುವಣ ಅಂಕಣದ ಸೂರು ಇಳಿಬಿದ್ದಿದ್ದರಿಂದ ಹೆಂಚು ಇಳಿಸಿ ಹೊಸದಾಗಿ ಹೊದಿಸಲು ಮೂವರೂ ಕೂಡಿ ಹಣ ಹಾಕಿದ್ದರು. ಹೆಂಚು ಇಳಿಸುವಾಗ ಅಟ್ಟದ ಮೂಲೆಯಲ್ಲಿ ಹಲಸಿನ ಮರದ ಒಂದು ಪೆಟ್ಟಿಗೆ ಸಿಕ್ಕಿತು, ಅದರೊಳಗೆ ಕೆಂಪು ವಸ್ತ್ರದಲ್ಲಿ ಸುತ್ತಿದ ಒಂದು ಕಡತವಿತ್ತು. ಕಡತವೆಂದರೆ ಇಂದಿನ ಕಚೇರಿಯ ಫೈಲಲ್ಲ. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಬೀಸಣಿಗೆಯಂತೆ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಕರಿಯ ಪುಸ್ತಕವದು. ಶೃಂಗೇರಿ ಮಠದಲ್ಲಿಯೂ ಕೆಳದಿಯ ವಸ್ತುಸಂಗ್ರಹಾಲಯದಲ್ಲಿಯೂ ಇಂಥ ಕಡತಗಳಿವೆ. ಕಪ್ಪಿನ ಮೇಲೆ ಬಿಳಿಯ ಅಕ್ಷರ ಇನ್ನೂರು ವರ್ಷ ಕಳೆದರೂ ಸ್ಪಷ್ಟವಾಗಿ ನಿಲ್ಲುತ್ತದೆ, ಆದರೆ ಒದ್ದೆ ಕೈ ತಾಗಿದರೆ ಒಂದು ಕ್ಷಣದಲ್ಲಿ ಅಳಿಸಿಹೋಗುತ್ತದೆ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಅಕ್ಷರಗಳನ್ನು ಕೂಡಿಸಿ ಬರೆಯುವ ಹಳೆಯ ಕೈಬರಹವಾದ ಮೋಡಿ ಬರವಣಿಗೆಯನ್ನು ತಡವರಿಸುತ್ತಲಾದರೂ ಓದುವ ಅಭ್ಯಾಸವಿರುವುದರಿಂದ ಸುತ್ತಲಿನ ಊರಿನವರು ಹಳೆಯ ಪತ್ರಗಳನ್ನು ತಂದು ತೋರಿಸುತ್ತಾರೆ. ಹಾಗೆಯೇ ಈ ಮನೆಗೂ ಕರೆ ಬಂತು.

ಅರ್ಧ ಓದು

ನಾನು ಹೋದದ್ದು ಒಂದು ಭಾನುವಾರ ಸಂಜೆ. ಜಗಲಿಯಲ್ಲಿ ಮನೆಯವರಲ್ಲದೆ ಹೆಂಚಿನ ಕೆಲಸದವರು, ನೆರೆಯವರು, ಮಕ್ಕಳು ಸೇರಿ ಇಪ್ಪತ್ತು ಜನರಾದರೂ ಇದ್ದರು. ಕಡತದಲ್ಲಿ ಒಂಬತ್ತು ಮಡಿಕೆಗಳಿದ್ದವು. ಎಂಟರಲ್ಲಿ ಬರಹ, ಕೊನೆಯದರಲ್ಲಿ ಒಂದು ಚಿತ್ರ: ಬಿಲ್ಲಿನಂತೆ ಬಾಗಿದ ಉದ್ದನೆಯ ಗೆರೆ, ಅದರ ಮೇಲೆ ಮೂರು ಸಣ್ಣ ವೃತ್ತಗಳು, ವೃತ್ತಗಳಿಂದ ಕವಲೊಡೆದು ಹೋಗುವ ಗೆರೆಗಳು, ಅಲ್ಲಲ್ಲಿ ಏಳು ಲಿಂಗದ ಗುರುತು, ಗೆರೆಗಳ ನಡುವೆ ‘ಗ’ ಎಂಬ ಒಂದೊಂದು ಅಕ್ಷರ ಮತ್ತು ಅದರ ಮುಂದೆ ಅಂಕಿ. ಒಂದು ಕಡೆ ‘ಗ ೧೧’ ಎಂದು ದಪ್ಪವಾಗಿ ಬರೆದಿತ್ತು.

ಚಿತ್ರವನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಒರಟಾಗಿ ಬರೆದುಕೊಂಡು ಬರಹಕ್ಕೆ ಕೈ ಹಾಕಿದೆ. ಆರಂಭದ ಸ್ತುತಿ ದಾಟಿ ಮೊದಲ ಮಡಿಕೆಯ ಕೊನೆಗೆ ಬರುವ ಹೊತ್ತಿಗೆ ಬೆಳಕು ಇಳಿದಿತ್ತು. ಅಲ್ಲಿದ್ದ ಪದಗಳನ್ನು ಗಟ್ಟಿಯಾಗಿಯೇ ಓದಿದೆ: “ನಿಧಿ ನಿಕ್ಷೇಪ ಜಲ ಪಾಷಾಣ...” ಮುಂದಿನ ಅಕ್ಷರಗಳು ಮಸುಕಾಗಿದ್ದವು. ವಿದ್ಯುತ್ ದೀಪದ ಹೊಳಪಿಗೆ ಬಳಪದ ಗೀಟು ಸರಿಯಾಗಿ ಕಾಣುವುದಿಲ್ಲ, ಮುಂದಿನ ಭಾನುವಾರ ಬೆಳಗ್ಗೆ ಬಂದು ಎಲ್ಲವನ್ನೂ ಓದುತ್ತೇನೆ ಎಂದು ಹೇಳಿ ಎದ್ದೆ.

ಈ ಪ್ರಕರಣದ ಮೊದಲ ತಿರುವು ಇಲ್ಲಿದೆ, ಅದಕ್ಕೆ ಹೊಣೆ ನಾನು. ‘ನಿಧಿ’ ಎಂಬ ಪದವನ್ನು ಇಪ್ಪತ್ತು ಜನರ ಕಿವಿಗೆ ಹಾಕಿ, ಅದರ ಅರ್ಥವನ್ನು ಹೇಳದೆ, ಏಳು ದಿನಗಳ ಬಿಡುವು ಕೊಟ್ಟು ಮನೆಗೆ ಹೋದೆ. ಆ ಪದಗಳ ಸಾಲು ಏನೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ನಿಮಿಷ ನಿಂತು ವಿವರಿಸಿದ್ದರೆ ಮುಂದಿನದ್ದರಲ್ಲಿ ಬಹುಪಾಲು ನಡೆಯುತ್ತಿರಲಿಲ್ಲ. ಪೂರ್ತಿ ಓದದೆ ವಿವರಿಸಬಾರದು ಎಂಬ ಪಂಡಿತರ ಎಚ್ಚರ ಪುಸ್ತಕಕ್ಕೆ ಒಳ್ಳೆಯದು. ಜಗಲಿಯಲ್ಲಿ ಅದರಿಂದ ಕೇಡೇ ಆಯಿತು.

ಗುಂಡಿಗಳು

ಬುಧವಾರದ ಹೊತ್ತಿಗೆ ಊರಲ್ಲಿ ಕಥೆ ಬೆಳೆದಿತ್ತು. ಮನೆಯ ಹುಡುಗನೊಬ್ಬ ಕಡತವನ್ನು ಎದೆಗೆ ಹಿಡಿದು ಫೋನಿನಲ್ಲಿ ತನ್ನ ಚಿತ್ರ ತೆಗೆದುಕೊಂಡಿದ್ದ. ಅದರಿಂದ ನಕಾಶೆಯ ಭಾಗವನ್ನಷ್ಟೇ ಕತ್ತರಿಸಿ ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದ್ದರು. ‘ಗ’ ಎಂದರೆ ಗಡಿಗೆ, ಹನ್ನೊಂದು ಗಡಿಗೆ ಚಿನ್ನ, ಬಿಲ್ಲಿನ ಗೆರೆ ನಮ್ಮ ಊರ ಕೆರೆಯ ಏರಿ, ಲಿಂಗದ ಗುರುತು ಕಾವಲಿನ ಕಲ್ಲು ಎಂದು ಮಾತು ಹರಡಿತು. ದೇವಸ್ಥಾನದ ಮುಂದಿನ ಶಾಸನದ ಕಲ್ಲಿನಲ್ಲಿ ಸೂರ್ಯ, ಚಂದ್ರ, ಹಸು ಕರು ಇರುವುದಕ್ಕೂ ಹೊಸ ಅರ್ಥ ಹುಟ್ಟಿತು: ಹಸು ಯಾವ ಕಡೆ ಮುಖ ಮಾಡಿದೆಯೋ ಆ ಕಡೆ ಎಣಿಸಬೇಕಂತೆ.

ಗುರುವಾರ ಬೆಳಗ್ಗೆ ಕೆರೆಯ ಕೆಳಗಿನ ಗದ್ದೆಯ ಬದುವಿನಲ್ಲಿ ಸೊಂಟದಾಳದ ಒಂದು ಗುಂಡಿ ಕಂಡಿತು. ಶುಕ್ರವಾರ ಇನ್ನೆರಡು. ಶನಿವಾರ ತೋಟದ ಅಂಚಿನಲ್ಲಿ ಅರೆ ಹೂತಿದ್ದ ಲಿಂಗಮುದ್ರೆಯ ಕಲ್ಲೊಂದು ಬುಡಮೇಲಾಗಿ ಬಿದ್ದಿತ್ತು, ನೆತ್ತಿಯ ಬಳಿ ಸೀಳಿತ್ತು. ಹಾರೆಯ ಮೊನೆ ತಾಗಿದ ಕಡೆ ಕಲ್ಲಿನ ಒಳಬಣ್ಣ ಹಾಲಿನಂತೆ ಬೆಳ್ಳಗಿತ್ತು. ಮಳೆ ಗಾಳಿಗಳು ಇಷ್ಟು ಕಾಲದಲ್ಲಿ ಮಾಡದೆ ಬಿಟ್ಟದ್ದನ್ನು ಒಂದು ರಾತ್ರಿ ಮಾಡಿ ಮುಗಿಸಿತ್ತು.

ಭಾನುವಾರ ನಾನು ಮಾತಿನಂತೆ ಹೋದಾಗ ಪೆಟ್ಟಿಗೆಯಲ್ಲಿ ಕೆಂಪು ವಸ್ತ್ರ ಮಾತ್ರ ಇತ್ತು. ಕಡತವಿರಲಿಲ್ಲ.

ಎರಡು ಪ್ರಶ್ನೆ

ಮನೆಯೊಳಗೆ ಆಗಲೇ ಬಿರುಕು ಬಿಟ್ಟಿತ್ತು. ಹಿರಿಯರು ಪೊಲೀಸರಿಗೆ ದೂರು ಕೊಡಬೇಕೆಂದರು. ನಡುವಿನವರು ಕಿರಿಯ ತಮ್ಮನ ಮಗನ ಕಡೆ ನೋಡಿದರು. ಕಿರಿಯರು ಪಾಲಿನ ಪತ್ರ ತೆಗೆಯುತ್ತೇನೆಂದರು. ಕದ್ದವರೇ ಅಗೆದವರು, ಅಗೆದವರೇ ಕದ್ದವರು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ನನಗೂ ಇರಲಿಲ್ಲ.

ನಾನು ನಾಲ್ಕು ದಿನದ ಕಾಲಾವಕಾಶ ಕೇಳಿದೆ. ಗುಂಡಿಗಳ ಮತ್ತು ಮುರಿದ ಕಲ್ಲಿನ ವಿಷಯವನ್ನು ಆ ದಿನವೇ ತಾಲ್ಲೂಕು ಕಚೇರಿಗೆ ಬರೆದು ತಿಳಿಸಿದೆವು, ಏಕೆಂದರೆ ಅದು ಮನೆಯ ವಿಷಯವಾಗಿರಲಿಲ್ಲ. ಕಾನೂನನ್ನೂ ಮನೆಯವರಿಗೆ ಸ್ಪಷ್ಟವಾಗಿ ಹೇಳಿದೆ: ನೆಲದಲ್ಲಿ ಹೂತದ್ದು ಸಿಕ್ಕಿ ಅದರ ಬೆಲೆ ಹತ್ತು ರೂಪಾಯಿ ದಾಟಿದರೆ ಸರ್ಕಾರಕ್ಕೆ ತಿಳಿಸಲೇಬೇಕೆಂಬ ನಿಯಮ 1878ರ ನಿಧಿ ಕಾಯ್ದೆಯಿಂದಲೂ ಇದೆ, ಮುಚ್ಚಿಟ್ಟವರಿಗೆ ಶಿಕ್ಷೆಯಿದೆ, ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ. ಆದರೆ ಕಡತ ಕಾಣೆಯಾದ ಬಗ್ಗೆ ದೂರು ಕೊಟ್ಟರೆ ಅಣ್ಣತಮ್ಮಂದಿರ ಹೆಸರುಗಳೇ ಒಂದರ ಕೆಳಗೊಂದು ಬರುತ್ತಿದ್ದವು. ಅದನ್ನು ನಾಲ್ಕು ದಿನ ತಡೆದದ್ದು ಸರಿಯಾಗಿತ್ತೆಂದು ಈಗಲೂ ನಂಬಿದ್ದೇನೆ.

ಆ ರಾತ್ರಿ ಫೋನಿನಲ್ಲಿ ಹರಿದಾಡುತ್ತಿದ್ದ ಚಿತ್ರವನ್ನು ನನ್ನ ಟಿಪ್ಪಣಿಯ ಪಕ್ಕದಲ್ಲಿಟ್ಟು ನೋಡಿದೆ. ನನ್ನ ಗೀಟಿನಲ್ಲಿ ಕೆರೆಯ ಕೋಡಿ ಎಡಕ್ಕಿತ್ತು. ಫೋನಿನಲ್ಲಿ ಬಲಕ್ಕಿತ್ತು. ನಾನೇ ತಪ್ಪಾಗಿ ಬರೆದುಕೊಂಡೆನೇನೋ ಎಂದು ಅಕ್ಷರಗಳನ್ನು ಹಿಗ್ಗಿಸಿ ನೋಡಿದಾಗ ಗೊತ್ತಾಯಿತು, ಫೋನಿನ ಚಿತ್ರವೇ ಕನ್ನಡಿಯ ಬಿಂಬದಂತೆ ತಿರುಗಿತ್ತು. ಮುಂದಿನ ಕ್ಯಾಮರಾದಲ್ಲಿ ತೆಗೆದ ಚಿತ್ರವನ್ನು ಕೆಲವು ಫೋನುಗಳು ಹಾಗೆ ಉಳಿಸುತ್ತವೆ. ಮೋಡಿ ಅಕ್ಷರ ಬಲ್ಲವರಿಲ್ಲದ ಕಾರಣ ಯಾರಿಗೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ‘ಗ’ ಎಂಬುದನ್ನು ಕನ್ನಡಿಗೆ ಹಿಡಿದರೂ ಹೆಚ್ಚುಕಡಿಮೆ ‘ಗ’ ಆಗಿಯೇ ಉಳಿಯುತ್ತದೆ, ಕೈಬರಹದ ೧ ಕೂಡ ಹಾಗೆಯೇ. ‘ಗ ೧೧’ ಎಂಬುದು ತಿರುಗಿ ‘೧೧ ಗ’ ಆಗಿತ್ತು. ಹನ್ನೊಂದು ಗಡಿಗೆ ಎಂಬ ಓದು ಇದರಿಂದ ಇನ್ನಷ್ಟು ಸಹಜವಾಗಿ ಕೂಡಿಬಂದಿತ್ತು.

ಮರುದಿನ ಬೆಳಗ್ಗೆ ಗುಂಡಿಗಳ ಬಳಿಗೆ ಹೋದೆ. ಮೂರೂ ಗುಂಡಿಗಳು ತಿರುಗಿದ ಚಿತ್ರಕ್ಕೆ ಸರಿಯಾಗಿ ಹೊಂದುತ್ತಿದ್ದವು, ಕಡತದ ನಕಾಶೆಗಲ್ಲ. ಅಗೆದವರು ಕೋಡಿಯ ಕಡೆ ಇರಬೇಕಾದದ್ದನ್ನು ಏರಿಯ ಇನ್ನೊಂದು ತುದಿಯಲ್ಲಿ ಹುಡುಕಿದ್ದರು. ಉರುಳಿದ ಕಲ್ಲು ಆ ದಾರಿಯಲ್ಲಿ ಎದುರಾದದ್ದು ಆಕಸ್ಮಿಕ. ಹಾಗಿದ್ದ ಮೇಲೆ ಅಗೆದವರ ಕೈಯಲ್ಲಿ ಕಡತ ಇರಲಿಲ್ಲ. ಇದ್ದಿದ್ದರೆ ಎಡಬಲ ತಪ್ಪುತ್ತಿರಲಿಲ್ಲ.

ಇದು ಎರಡನೆಯ ತಿರುವು. ಒಂದೇ ಎಂದುಕೊಂಡಿದ್ದ ಪ್ರಶ್ನೆ ಎರಡಾಯಿತು. ಅಗೆದವರು ಊರಲ್ಲಿ ಯಾರಾದರೂ ಆಗಿರಬಹುದು. ಕಡತವನ್ನು ತೆಗೆದವರಿಗೆ ಅಗೆಯುವ ಆಸೆಯೇ ಇದ್ದಿರಲಾರದು. ಆಸೆಯಿಲ್ಲದವರು ಏಕೆ ತೆಗೆದರು ಎಂದು ಕೇಳಿಕೊಂಡ ಮೇಲೆ ಮನೆಯವರ ಮುಖಗಳೆಲ್ಲ ಬೇರೆಯಾಗಿ ಕಾಣತೊಡಗಿದವು.

ಬಜೆಯ ವಾಸನೆ

ಪೆಟ್ಟಿಗೆಯನ್ನು ಮತ್ತೊಮ್ಮೆ ನೋಡಲು ಕೇಳಿದೆ. ನಲವತ್ತು ವರ್ಷದಿಂದ ಯಾರೂ ಅಟ್ಟ ಹತ್ತಿಲ್ಲ, ಪೆಟ್ಟಿಗೆ ಇರುವುದೇ ಗೊತ್ತಿರಲಿಲ್ಲ ಎಂದು ಮೂವರು ಅಣ್ಣತಮ್ಮಂದಿರೂ ಮೊದಲ ದಿನವೇ ಹೇಳಿದ್ದರು, ಅದು ಸುಳ್ಳೂ ಆಗಿರಲಿಲ್ಲ. ಮುಚ್ಚಳ ತೆಗೆದಾಗ ಘಾಟು ವಾಸನೆ ಬಂತು. ತಳದ ಮೂಲೆಯಲ್ಲಿ ಬಟ್ಟೆಯ ಚೂರಿನಲ್ಲಿ ಕಟ್ಟಿದ ನಾಲ್ಕೈದು ಬಜೆ ಬೇರಿನ ತುಂಡುಗಳಿದ್ದವು. ಹುಳು ಬಾರದಿರಲೆಂದು ಓಲೆಗರಿ, ಕಡತ, ರೇಷ್ಮೆ ಸೀರೆಗಳ ನಡುವೆ ಬಜೆ ಇಡುವುದು ನಮ್ಮ ಕಡೆ ಹಿಂದಿನಿಂದ ಬಂದ ರೂಢಿ. ಆದರೆ ಬಜೆ ಒಣಗಿ ವರ್ಷಗಳಾದರೆ ಸಪ್ಪೆಯಾಗುತ್ತದೆ. ಒಂದು ತುಂಡನ್ನು ಉಗುರಿನಿಂದ ಕೆರೆದೆ, ಒಳಗೆ ಇನ್ನೂ ನಸುಗೆಂಪಾಗಿತ್ತು. ಅದನ್ನು ಇಟ್ಟು ಬಹಳವೆಂದರೆ ಒಂದು ವರ್ಷವಾಗಿರಬೇಕು.

ನಲವತ್ತು ವರ್ಷ ಯಾರಿಗೂ ಗೊತ್ತಿಲ್ಲದ ಪೆಟ್ಟಿಗೆಗೆ ಯಾರೋ ವರ್ಷ ವರ್ಷ ಬಜೆ ಇಡುತ್ತಿದ್ದರು. ಆ ಮನೆಯಲ್ಲಿ ಬಜೆಯನ್ನು ತೇಯ್ದು ಮಗುವಿನ ನಾಲಗೆಗೆ ಹಚ್ಚುತ್ತಿದ್ದವರು ಒಬ್ಬರೇ, ಮೂವರ ತಾಯಿ. ಎಂಬತ್ತು ದಾಟಿದ ಆಕೆ ಆವರೆಗೆ ಒಂದು ಮಾತೂ ಆಡಿರಲಿಲ್ಲ, ಆಕೆಯನ್ನು ಯಾರೂ ಕೇಳಿಯೂ ಇರಲಿಲ್ಲ. ಕಾಗದಪತ್ರದ ವಿಷಯದಲ್ಲಿ ಓದು ಬರದವರನ್ನು ಕೇಳಬೇಕೆಂದು ನಮಗೆ ತೋಚುವುದಿಲ್ಲ; ನಾನೂ ಆಕೆಯ ಮುಂದೆಯೇ ಎರಡು ಸಲ ಕಾಫಿ ಕುಡಿದು ಎದ್ದು ಬಂದಿದ್ದೆ.

ಹಿರಿಯ ಸೊಸೆಯನ್ನು ಜೊತೆಗಿಟ್ಟುಕೊಂಡು ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಆಕೆಯೊಂದಿಗೆ ಕುಳಿತೆ. ಕಡತ ಎಲ್ಲಿ ಎಂದು ನಾನು ಕೇಳಲಿಲ್ಲ. ಬಜೆ ಎಲ್ಲಿಂದ ತರಿಸುತ್ತೀರಿ ಎಂದು ಕೇಳಿದೆ. ಆಕೆ ಬಹಳ ಹೊತ್ತು ನನ್ನನ್ನೇ ನೋಡಿ ತಿರುಗಿ ಒಂದೇ ಪ್ರಶ್ನೆ ಹಾಕಿದರು: “ಮಗೂನ ಕೂರಿಸಲ್ಲ ತಾನೆ?”

ಆಗ ಗೊತ್ತಾದ ವಿಷಯ ಗುಂಡಿಗಳಿಗಿಂತ ದೊಡ್ಡದಾಗಿತ್ತು. ಮನೆಗೆ ಹತ್ತಿರದ ನೆಂಟನೊಬ್ಬ ದೂರದ ಊರಿನಿಂದ ಅಂಜನ ಹಾಕುವವನನ್ನು ಅಮಾವಾಸ್ಯೆಗೆ ಗೊತ್ತು ಮಾಡಿದ್ದ. ವೀಳ್ಯದೆಲೆಗೆ ಅಂಜನ ಬಳಿದು ಅದರಲ್ಲಿ ನಿಧಿ ನೋಡಲು ಮಗುವೊಂದು ಬೇಕೆಂದು, ಮನೆಯ ಒಂಬತ್ತು ವರ್ಷದ ಹುಡುಗಿಯನ್ನು ಕೂರಿಸುವ ಮಾತು ನಡುಮನೆಯಲ್ಲಿ ನಡೆದಿತ್ತು. ಅಜ್ಜಿ ಅದನ್ನು ಕೇಳಿಸಿಕೊಂಡಿದ್ದರು. ನಿಧಿಯ ಹೆಸರಿನಲ್ಲಿ ಮಕ್ಕಳಿಗೆ ಏನೇನಾಗಿದೆಯೆಂದು ಚಿಕ್ಕಂದಿನಿಂದ ಕೇಳುತ್ತ ಬಂದ ಜೀವ ಅದು. ಕಡತವೇ ಇಲ್ಲದಿದ್ದರೆ ಅಂಜನವೂ ಇಲ್ಲ ಎಂದು ಎಣಿಸಿ, ಶನಿವಾರ ನಡುರಾತ್ರಿ ಗೋಡೆ ಹಿಡಿದುಕೊಂಡು ಹೋಗಿ ಅದನ್ನು ತಂದು ತಮ್ಮ ಧಾರೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದರು. ಬೆವರಿನ ಕೈ ತಾಗಿ ಐದನೆಯ ಮಡಿಕೆಯ ಎರಡು ಸಾಲು ಅಳಿಸಿದ್ದನ್ನು ತೋರಿಸುವಾಗ ಅವರ ಕಣ್ಣು ತುಂಬಿತ್ತು.

“ನಮ್ಮತ್ತೆ ಹೇಳಿದ್ರು, ಇದು ನೀರಿನ ಕಾಗದ, ಹುಳ ಹಿಡಿಸಬೇಡ ಅಂತ” ಎಂದರು. ಅಷ್ಟೇ ಅವರಿಗೆ ಗೊತ್ತಿದ್ದದ್ದು. ಸೊಸೆಯಾಗಿ ಬಂದ ವರ್ಷದಿಂದ ಬಜೆ ಬದಲಿಸುತ್ತ ಬಂದಿದ್ದರು. ಏಣಿ ಹತ್ತಲು ಆಗದಾದ ಮೇಲೆ ಕೆಲಸದ ಹೆಂಗಸಿನ ಕೈಯಲ್ಲಿ ಇಡಿಸುತ್ತಿದ್ದರು.

ಆ ಸಂಜೆಯೇ ಮೂವರು ಅಣ್ಣತಮ್ಮಂದಿರನ್ನು ಒಟ್ಟಿಗೆ ಕೂರಿಸಿ, ನಿಧಿಗಾಗಿ ಮಾಟಮಂತ್ರ ಮತ್ತು ಅಮಾನುಷ ಆಚರಣೆಗಳನ್ನು ನಡೆಸುವುದು ಕರ್ನಾಟಕದ 2017ರ ಕಾಯ್ದೆಯಂತೆ ಅಪರಾಧವೆಂದು ಹೇಳಿದೆ. ಅಂಜನದವನಿಗೆ ಬರಬೇಡವೆಂದು ಹಿರಿಯರು ನನ್ನೆದುರಿಗೇ ಫೋನು ಮಾಡಿದರು. ತಾಯಿ ತೆಗೆದಿಟ್ಟದ್ದೆಂದು ತಿಳಿದ ಮೇಲೆ ದೂರಿನ ಮಾತು ತಾನಾಗಿ ನಿಂತಿತು.

ಜಗಲಿಯ ಮೇಲೆ, ಹಗಲಿನಲ್ಲಿ

ಮುಂದಿನ ನಿರ್ಧಾರ ಕಷ್ಟದ್ದಾಗಿತ್ತು. ಕಡತವನ್ನು ಸುಮ್ಮನೆ ಸಂಗ್ರಹಾಲಯಕ್ಕೆ ಕಳುಹಿಸಿಬಿಡೋಣ, ಊರಿಗೆ ಹೇಳುವುದು ಬೇಡ ಎಂದು ಮನೆಯವರು ಬಯಸಿದರು. ನಾನು ಒಪ್ಪಲಿಲ್ಲ. ಕಡತ ಊರು ಬಿಟ್ಟರೆ ನಿಧಿಯೇ ಊರು ಬಿಟ್ಟಿತೆಂದು ತಿಳಿಯುತ್ತಾರೆ, ಗುಂಡಿಗಳು ಹೆಚ್ಚಾಗುತ್ತವೆ; ಅರ್ಧ ಓದು ಎಲ್ಲಿ ನಡೆಯಿತೋ ಪೂರ್ತಿ ಓದೂ ಅಲ್ಲಿಯೇ, ಅಷ್ಟೇ ಜನರ ಮುಂದೆ ನಡೆಯಬೇಕು ಎಂದು ಹಟ ಹಿಡಿದೆ. ಅಜ್ಜಿ ಹೂಂ ಎಂದ ಮೇಲೆ ಉಳಿದವರು ಒಪ್ಪಿದರು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಆರಂಭಿಸಿದೆವು. ಅಂಗಳ ತುಂಬಿತ್ತು. ಒಂದೊಂದು ಮಡಿಕೆಯನ್ನೂ ಓದಿ ಆಡುಮಾತಿನಲ್ಲಿ ಬಿಡಿಸಿ ಹೇಳಿದೆ. ‘ನಿಧಿ ನಿಕ್ಷೇಪ’ದ ಸಾಲು ಬಂದಾಗ ಅಂಗಳ ಪೂರ್ತಿ ಸ್ತಬ್ಧವಾಯಿತು. ಈ ಸಲ ಎಂಟು ಪದಗಳನ್ನೂ ಓದಿದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಇವುಗಳಿಗೆ ಅಷ್ಟಭೋಗವೆನ್ನುತ್ತಾರೆ. ಭೂಮಿಯನ್ನು ದಾನ ಕೊಡುವಾಗ ಆ ಭೂಮಿಯಲ್ಲಿ ಇರಬಹುದಾದ, ಆಗಬಹುದಾದ ಎಲ್ಲದರ ಮೇಲಿನ ಹಕ್ಕನ್ನೂ ಕೊಟ್ಟಿದ್ದೇವೆ ಎಂದು ಹೇಳುವ ರೂಢಿಯ ಮಾತು ಅದು: ಹೂತದ್ದು ಸಿಕ್ಕರೂ ನಿನ್ನದು, ನೀರೂ ಕಲ್ಲೂ ನಿನ್ನದು, ಈಗ ಸಾಗುವಳಿಯಾದದ್ದೂ ನಿನ್ನದು, ಮುಂದೆ ಆಗಬಹುದಾದದ್ದೂ ನಿನ್ನದು. ಇಂದಿನ ಕ್ರಯಪತ್ರದಲ್ಲಿ ಗಿಡ ಮರ ಬಾವಿ ಸಮೇತ ಎಂದು ಬರೆಯುವುದಿಲ್ಲವೆ, ಅದೇ ರೀತಿ.

ಒಬ್ಬ ಹಿರಿಯರು ಎದ್ದು, ಆದರೂ ಮೊದಲು ನಿಧಿ ಎಂದೇ ಇದೆಯಲ್ಲ ಎಂದರು. ಸರಿಯಾದ ಪ್ರಶ್ನೆ. ಅದಕ್ಕೆಂದೇ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದಲ್ಲಿ ಶಿವಮೊಗ್ಗ ಜಿಲ್ಲೆಯ ಶಾಸನಗಳಿರುವ 7 ಮತ್ತು 8ನೆಯ ಸಂಪುಟಗಳನ್ನು ಜೊತೆಗೆ ತಂದಿದ್ದೆ. ಗುರುತು ಹಾಕಿಕೊಂಡಿದ್ದ ಪುಟಗಳಿಂದ ಬೇರೆ ಬೇರೆ ಊರಿನ ದಾನಶಾಸನಗಳನ್ನು ತೆರೆದು ಅದೇ ಸಾಲನ್ನು ಓದಿದೆ. ಆಮೇಲೆ ಎಲ್ಲರೂ ಎದ್ದು ದೇವಸ್ಥಾನದ ಮುಂದಿನ ಕಲ್ಲಿನ ಬಳಿಗೆ ಹೋದೆವು. ಸವೆದ ಶಾಸನವನ್ನು ಓದಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು. ಹುಡುಗನೊಬ್ಬ ಮನೆಯಿಂದ ಕನ್ನಡಿ ತಂದು ಬಿಸಿಲನ್ನು ಪಕ್ಕದಿಂದ ಹಾಯಿಸಿದ. ಗೀರಿನಂತಿದ್ದ ಸಾಲುಗಳು ಒಮ್ಮೆಲೇ ಅಕ್ಷರಗಳಾಗಿ ಎದ್ದವು. ಆರನೆಯ ಸಾಲಿನಲ್ಲಿ ‘ನಿಧಿ ನಿಕ್ಷೇಪ’ ಎಂಬುದನ್ನು ಏಳನೆಯ ತರಗತಿಯ ಹುಡುಗಿ ಒಬ್ಬಳೇ ಕೂಡಿಸಿ ಓದಿದಳು. ದಿನಾ ಕಾಣುವ ಕಲ್ಲು ಅದು, ಅದರಲ್ಲಿ ಕಾಣುವ ಸೂರ್ಯ ಚಂದ್ರರು ಅವರಿಬ್ಬರೂ ಇರುವವರೆಗೆ ಈ ದಾನ ನಡೆಯಲಿ ಎಂಬ ಹಾರೈಕೆ. ಕೊನೆಯಲ್ಲಿನ ‘ಸ್ವದತ್ತಾಂ ಪರದತ್ತಾಂ ವಾ’ ಎಂಬ ಶ್ಲೋಕವನ್ನು ನಿಧಿಯ ಶಾಪವೆಂದು ಭಾವಿಸಿದ್ದರು. ದಾನದ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆಂಬ ಎಚ್ಚರಿಕೆ ಅದು.

ಕೊನೆಗೆ ನಕಾಶೆ. ‘ಗ’ ಎಂದರೆ ಗದ್ಯಾಣ, ಹಳೆಯ ನಾಣ್ಯದ ಲೆಕ್ಕ. ಒಂದೊಂದು ತಾಕಿನ ಹುಟ್ಟುವಳಿಗೆ ಗೊತ್ತು ಮಾಡಿದ ಮೌಲ್ಯವನ್ನು ಹಾಗೆ ಬರೆಯುತ್ತಿದ್ದರು. ಏಳು ಲಿಂಗಮುದ್ರೆಗಳು ಮಠಕ್ಕೆ ಬಿಟ್ಟ ಭೂಮಿಯ ಗಡಿಕಲ್ಲುಗಳು. ಬಿಲ್ಲಿನ ಗೆರೆ ಕೆರೆಯ ಏರಿಯೇ ಹೌದು. ಮೂರು ವೃತ್ತಗಳು ಮೂರು ತೂಬುಗಳು. ಉಳಿದ ಮಡಿಕೆಗಳಲ್ಲಿದ್ದದ್ದು ಯಾವ ತೂಬಿನ ನೀರು ಯಾವ ಗದ್ದೆಗೆ ಯಾವ ಸರದಿಯಲ್ಲಿ ಹೋಗಬೇಕೆಂಬ ಕಟ್ಟಳೆ. ಅಜ್ಜಿಯ ಅತ್ತೆ ಹೇಳಿದ ಮಾತೇ ಸರಿ, ಅದು ನೀರಿನ ಕಾಗದ. ಕಾಲ ಮಾತ್ರ ಖಚಿತವಾಗಲಿಲ್ಲ, ಏಕೆಂದರೆ ಶಕವರ್ಷವಿಲ್ಲದೆ ಸಂವತ್ಸರದ ಹೆಸರಷ್ಟೇ ಇತ್ತು, ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ.

ಆಮೇಲೆ

ಆ ರಾತ್ರಿ ಇಬ್ಬರು ಯುವಕರು ನನ್ನ ಮನೆಗೆ ಬಂದು ಗುಂಡಿ ತೋಡಿದವರು ತಾವೆಂದು ಒಪ್ಪಿಕೊಂಡರು. ಒಬ್ಬನಿಗೆ ಅಡಿಕೆ ತೋಟದ ಸಾಲವಿತ್ತು. ಅವರನ್ನು ಏನು ಮಾಡಬೇಕೆಂಬುದರಲ್ಲಿ ಊರಿನವರಿಗೆ ಒಮ್ಮತವಿರಲಿಲ್ಲ. ಅವರೇ ತಾಲ್ಲೂಕು ಕಚೇರಿಗೆ ಹೋಗಿ ಹೇಳಿಕೆ ಬರೆದುಕೊಟ್ಟು, ಗುಂಡಿ ಮುಚ್ಚಿ, ಉರುಳಿದ ಕಲ್ಲನ್ನು ತಿಳಿದವರ ಸಲಹೆಯಂತೆ ಮತ್ತೆ ನೆಟ್ಟರು. ಗುಂಡಿಯ ಜಾಡು ಈಗ ಹುಡುಕಿದರೂ ಸಿಗುವುದಿಲ್ಲ. ಕಲ್ಲಿನ ಸೀಳು ಹಾಗೆಯೇ ಇದೆ.

ಏಳು ಕಲ್ಲುಗಳಲ್ಲಿ ಐದು ಈವರೆಗೆ ಸಿಕ್ಕಿವೆ. ಒಂದು, ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಮುಖ ಕೆಳಗಾಗಿ ಮಲಗಿತ್ತು. ತಿರುಗಿಸಿದಾಗ ಮಣ್ಣಿನಲ್ಲಿ ಮುಚ್ಚಿದ್ದರಿಂದಲೇ ಲಿಂಗದ ಗೀಟು ನಿನ್ನೆ ಕೊರೆದಂತೆ ಉಳಿದಿತ್ತು. ಅತ್ಯಂತ ಸಂತೋಷ ಕೊಟ್ಟದ್ದು ಮೂರನೆಯ ತೂಬು. ಕೆರೆಗೆ ಎರಡೇ ತೂಬೆಂದು ಎಲ್ಲರೂ ತಿಳಿದಿದ್ದೆವು. ನಕಾಶೆಯನ್ನು ಎಡಬಲ ಸರಿಪಡಿಸಿ ನೋಡಿ, ಬೇಸಿಗೆಯಲ್ಲಿ ಹೂಳೆತ್ತುವಾಗ ಕೋಡಿಯ ಕಡೆ ಜಾಗ ತೋರಿಸಿದೆವು. ಆಳುದ್ದ ಹೂಳಿನ ಕೆಳಗೆ ತೂಬಿನ ಎರಡು ಕಂಬಗಳ ತಲೆ ಕಾಣಿಸಿತು. ಅದರ ಕಾಲುವೆಯ ದಾರಿಯಲ್ಲಿ ಈಗ ಮನೆಗಳೆದ್ದಿರುವುದರಿಂದ ನೀರು ಬಿಡುವಂತಿಲ್ಲ. ಆದರೆ ಕೆಳಗಿನ ಕೇರಿಗೆ ಮಳೆಗಾಲದಲ್ಲಿ ಏಕೆ ನೀರು ನುಗ್ಗುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿತು. ಮುಚ್ಚಿಹೋದ ಆ ಕಾಲುವೆಯ ಜಾಡಿನಲ್ಲಿಯೇ ಚರಂಡಿಯನ್ನು ಹಿಗ್ಗಿಸುವಂತೆ ಕೇರಿಯವರು ಅರ್ಜಿ ಕೊಟ್ಟಿದ್ದಾರೆ.

ಇಂಥ ಕಡತ ಕೈಗೆ ಬಂದವರಿಗೆ ನಾನು ಈಗ ಹೇಳುವುದು ಇಷ್ಟು: ಕೈ ಒರೆಸಿಕೊಳ್ಳಿ, ಹಗಲಿನಲ್ಲಿ ಬಿಚ್ಚಿ, ಹಿಂದಿನ ಕ್ಯಾಮರಾದಲ್ಲಿ ಎಲ್ಲ ಮಡಿಕೆಗಳ ಚಿತ್ರ ತೆಗೆಯಿರಿ, ಓದಿಸುವುದಾದರೆ ಒಂದೇ ಸಲ ಕುಳಿತು ಕೊನೆಯವರೆಗೆ ಓದಿಸಿ, ಅದಕ್ಕೂ ಮೊದಲು ಮನೆಯ ಹಿರಿಯ ಹೆಂಗಸರನ್ನು ಕೇಳಿ. ಈ ಮನೆಯವರು ಕಡತದ ಚಿತ್ರಗಳನ್ನು ವಿದ್ವಾಂಸರಿಗೆ ಕೊಟ್ಟು, ಮೂಲವನ್ನು ತಮ್ಮಲ್ಲಿಯೇ ಇಟ್ಟುಕೊಂಡಿದ್ದಾರೆ. ಅಳಿಸಿದ ಎರಡು ಸಾಲುಗಳಲ್ಲಿ ಏನಿತ್ತೆಂದು ತಿಳಿಯುವ ದಾರಿಯಿಲ್ಲ. ಕಳೆದ ಯುಗಾದಿಗೆ ಹೋದಾಗ ಪೆಟ್ಟಿಗೆ ನಡುಮನೆಯಲ್ಲಿತ್ತು. ಅಂಜನಕ್ಕೆ ಕೂರಿಸಬೇಕೆಂದಿದ್ದ ಆ ಹುಡುಗಿ ಅಜ್ಜಿಯ ಪಕ್ಕದಲ್ಲಿ ಕುಳಿತು ಬಜೆಯ ಹಳೆಯ ತುಂಡುಗಳನ್ನು ತೆಗೆದು ಹೊಸದನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದಳು.